ಇಪ್ಪತ್ತಕ್ಕೊಂದು

ಭಾನುವಾರ, ಶಿಡ್ಲಘಟ್ಟ. ಸೈಕಲ್ ಶಾಪಿನ ಅಟ್ಟದ ಮೇಲೆ
ನಾವು ನಾಲ್ವರು, ಒಂದು ಚಾಪೆ, ಪೆನ್ಸಿಲ್ಲು,
ಪೋಸ್ಟಿನಲ್ಲಿ ಬಂದ ಇಪ್ಪತ್ತು ಮುಖದ ದಾಳ.
ಕಥೆ ನಡೆಸುವವನು ನಾನು. ಗೋಡೆ, ಕತ್ತಲು, ಕಾವಲುನಾಯಿ
ಎಲ್ಲ ನನ್ನ ಜವಾಬ್ದಾರಿ.
ಉಳಿದವರು ತಮಗೆ ಬೇಕಾದವರು.

ಇಲಿಯಾಸ್ ಈಗ ನಾಲ್ಕು ತಿಂಗಳಿಂದ ಕಳ್ಳ.
ಹೆಸರು ಮಿಂಚುಳ್ಳಿ. ಬೀಗದ ವಿದ್ಯೆಯಲ್ಲಿ ಒಂಬತ್ತು ಅಂಕ,
ಅಡಿಗೆ ಎರಡು ಗೀಟೆಳೆದು ಬರೆದುಕೊಂಡಿದ್ದಾನೆ.
ವಾರದ ಮಿಕ್ಕ ಆರು ದಿನ ನೂಲು ಬಿಚ್ಚುವವನು:
ಕುದಿನೀರಲ್ಲಿ ಉರುಳುವ ಗೂಡಿನ ಮೇಲೆ
ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿಯುವವನು.
ಬೆರಳ ತುದಿಗಳು ಬೆಳ್ಳಗೆ, ಸುಕ್ಕು;
ಹೆಬ್ಬೆಟ್ಟಿನ ಯಂತ್ರ ಅವನನ್ನು ಗುರುತಿಸುವುದಿಲ್ಲ,
ರೇಷನ್ನಿಗೆ ಹೆಂಡತಿಯೇ ಹೋಗಬೇಕು.

ಅವತ್ತು ಖಜಾನೆಯ ಬಾಗಿಲು.
ಹನ್ನೊಂದು ಮುಟ್ಟಿದರೆ ಸಾಕು; ಒಂಬತ್ತು ಅವನ ಕೈಲೇ ಇದೆ.
ದಾಳ ಉರುಳಿತು, ಟೀ ಲೋಟಕ್ಕೆ ತಾಗಿತು, ನಿಂತಿತು.
ಒಂದು.
ಒಂದು ಬಿದ್ದರೆ ಯಾವ ವಿದ್ಯೆಯನ್ನೂ ಕೂಡುವಂತಿಲ್ಲ, ಅದು ನಿಯಮ.
"ಕಡ್ಡಿ ಮುರೀತು," ಅಂದೆ. "ನಾಯಿ ಎದ್ದಿತು."

ಇಲಿಯಾಸ್ ಕೂಗಲಿಲ್ಲ.
ಎರಡೂ ಕೈ ಚಾಪೆಯ ಮೇಲೆ ಅಂಗಾತ ಇಟ್ಟ,
ಸಾಕ್ಷಿ ಹೇಳಲು ಕರೆತಂದವರ ಹಾಗೆ.
"ಇಪ್ಪತ್ತಕ್ಕೊಂದು ಸಲ ತಪ್ತದೆ ಅಂತೀಯಾ?
ಇಪ್ಪತ್ತು ಗೂಡಿಗೊಂದು ಎಳೆ ಕಳಕೊಂಡ್ರೆ ನಾನು
ಬೆಳಿಗ್ಗೆ ಹತ್ತಕ್ಕೇ ಮನೇಲಿರ್ತೀನಿ, ಕೂಲಿ ಇಲ್ಲದೆ.
ಕಲಿತ ಕೈ ಹಂಗೆ ತಪ್ಪಲ್ಲ ಕಣೋ.
ತಪ್ಪೋದಾದ್ರೆ ಬೇರೆ ಥರ: ಜ್ವರ ಬಂದ ದಿನ,
ಮಗಳ ಸ್ಕೂಲಿಂದ ಫೋನ್ ಬಂದ ದಿನ."

ನನ್ನ ನಿಯಮದ ಪುಸ್ತಕದಲ್ಲಿ ಇದಕ್ಕೆ ಪುಟವಿರಲಿಲ್ಲ.

ಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವ ಚೌಡೇಶ
ಜೇಬಿಂದ ಮೂರು ಲೂಡೋ ದಾಳ ತೆಗೆದ.
"ಮೂರನ್ನೂ ಹಾಕು, ಕೂಡಿಸು. ಹತ್ತು, ಹನ್ನೊಂದು
ಮೇಲಿಂದ ಮೇಲೆ ಬರ್ತವೆ. ಮೂರಕ್ಕೆ ಮೂರೂ ಒಂದಾಗೋದು
ಇನ್ನೂರ ಹದಿನಾರಕ್ಕೆ ಒಂದೇ ಸಲ."
ಇಲಿಯಾಸ್ ಬೆರಳು ಮಡಿಸುತ್ತ ಏನನ್ನೋ ಎಣಿಸಿದ,
ಯಾವ ಯಾವ ದಿನಗಳನ್ನೋ.
"ಇನ್ನೂರ ಹದಿನಾರು... ಹಾಂ. ಅಷ್ಟು ಇರ್ತದೆ. ಅದು ನಂದೇ."

ಔಷಧಿ ಅಂಗಡಿಯ ವಿಜಯಾಂಬ, ನಮ್ಮ ಮಾಟಗಾತಿ, ನಕ್ಕಳು:
"ಚೌಕಾಬಾರಕ್ಕೆ ಕೂತರೆ ನಮ್ಮಜ್ಜಿ ಕವಡೇನ
ಅಂಗೈಲಿ ಬೆಚ್ಚಗೆ ಮಾಡಿ ಬಿಡೋಳು. ಬಾರ ಬೇಕಂದ್ರೆ ಬಾರ.
ಅದೃಷ್ಟ ಅಂತಿದ್ರು ಊರೋರು.
ಅಜ್ಜಿ ಮಣಿಕಟ್ಟು ನೋಡಿದೋಳು ನಾನೊಬ್ಬಳೇ."

ಮೂರು ಭಾನುವಾರ ಮೂರು ದಾಳ ನಡೆದವು.
ಮಿಂಚುಳ್ಳಿ ಪ್ರತಿ ಬೀಗವನ್ನೂ ತೆಗೆದ, ಪ್ರತಿ ಗೋಡೆಯನ್ನೂ ಹತ್ತಿದ.
ನಾನು ನಾಯಿಗಳನ್ನು ಹೆಚ್ಚಿಸಿದೆ, ಬೀಗಕ್ಕೆ ತುಕ್ಕು ಹಿಡಿಸಿದೆ.
ಹತ್ತು. ಹನ್ನೊಂದು. ಹತ್ತು.
ಚೀಲದ ತುಂಬ ಚಿನ್ನ. ಚೌಡೇಶ ಆಕಳಿಸಿದ,
ತನ್ನದೇ ಲೆಕ್ಕಕ್ಕೆ.

ನಾಲ್ಕನೆಯ ವಾರ ಇಲಿಯಾಸ್ ತಡವಾಗಿ ಬಂದ,
ಅಂಗಿಯಲ್ಲಿ ಇನ್ನೂ ಬೆಂದ ಹುಳದ ವಾಸನೆ.
ಕೂರುವ ಮುಂಚೆಯೇ ಡಬ್ಬಿ ತೆರೆದು
ಇಪ್ಪತ್ತರ ದಾಳ ಎತ್ತಿಕೊಂಡ. "ಇದೇ ಇರಲಿ."
"ನೀನೇ ಬೇಡ ಅಂದಿದ್ದು," ಅಂದಳು ವಿಜಯಾಂಬ.
"ಆರು ದಿನ ಕೈಗೆ ಮುಂಚೇನೇ ಗೊತ್ತಿರ್ತದೆ," ಅಂದ.
ಆಮೇಲೆ ನನ್ನ ಕಡೆ ತಿರುಗಿ, "ಹೇಳು, ಬಾಗಿಲು ಎಂಥದು?"

ಕಬ್ಬಿಣದ್ದು, ಅಂದೆ. ಹಳೇದು. ಆಚೆ ಕಡೆ ಯಾರೋ ಉಸಿರಾಡ್ತಿದ್ದಾರೆ.

ಅವನು ಅಂಗೈ ಬೆಚ್ಚಗೆ ಮಾಡಲಿಲ್ಲ, ದೇವರನ್ನು ನೆನೆಯಲಿಲ್ಲ,
ಸುಮ್ಮನೆ ಬಿಸಾಕಿದ. ದಾಳ ಚಾಪೆಯಂಚು ದಾಟಿ
ಹಳೇ ಟೈರುಗಳ ಸಂದಿಗೆ ಹೋಯಿತು.
ನಾವು ನಾಲ್ವರೂ ಮೊಣಕಾಲೂರಿ
ಮೊಬೈಲ್ ಬೆಳಕು ಹಿಡಿದು ಹುಡುಕುತ್ತಿದ್ದರೆ
ಅವನೊಬ್ಬನೇ ಪಿಸುಗುಟ್ಟುತ್ತಿದ್ದ:
"ಯಾರೂ ಮುಟ್ಬೇಡಿ. ಮೊದ್ಲು ನೋಡಿ."